ಎಂಟನೆಯ ಮೆಟ್ಟಿಲು

ಟಿಕೀಟು ಇಪ್ಪತ್ತು ರೂಪಾಯಿ.
ಅಟ್ಟದ ಒಂದು ತಿಂಗಳ ಬಾಡಿಗೆಗಿಂತ ಎರಡು ಹೆಚ್ಚು.
ಲೆಕ್ಕ ಹಾಕುವುದು ಹಳೆಯ ಚಟ; ನಾನು ಖಜಾಂಚಿಯಾಗಿದ್ದೆ.
ಖಜಾನೆ ಅಂದರೆ ಬಿಸ್ಕತ್ತಿನ ತಗಡಿನ ಡಬ್ಬಿ,
ಒಳಗೆ ಚಿಲ್ಲರೆ, ಒಂದು ರಬ್ಬರು, ಇರುವೆ.

ಆಗ ಮಂಡಿಪೇಟೆಯಲ್ಲಿ, ಹತ್ತಿಕಾಳಿನ ಅಂಗಡಿಯ ಮೇಲೆ
ನಮ್ಮ ರೇಖಾ ಮಿತ್ರ ಮಂಡಳಿ.
ಮರದ ಮೆಟ್ಟಿಲು. ಎಂಟನೆಯದು ಮುರಿದಿತ್ತು.
ರಿಪೇರಿಗೆ ನಾಲ್ಕು ಸಲ ನಿರ್ಣಯ ಪಾಸಾಯಿತು,
ದುಡ್ಡು ಪಾಸಾಗಲಿಲ್ಲ.
ಕತ್ತಲಲ್ಲೂ ಅದನ್ನು ದಾಟಿ ಕಾಲಿಡಬಲ್ಲವನೇ ಸದಸ್ಯ
ಎನ್ನುತ್ತಿದ್ದರು ಬಕ್ಕಪ್ಪ ಮೇಷ್ಟ್ರು.
ಅಂಥವರು ನಾವು ಏಳು ಜನ.

ಸುಶೀಲಾಬಾಯಿ, ಸ್ಟುಡಿಯೋದಲ್ಲಿ ಕೂತು
ಕಪ್ಪುಬಿಳುಪು ಮದುಮಕ್ಕಳ ಕೆನ್ನೆಗೆ ಕೆಂಪು ತರುವಾಕೆ.
ಪರಸಪ್ಪ, ಮಿಲ್ಲಿನ ರಾತ್ರಿಪಾಳಿ ಮುಗಿಸಿ
ಹುಬ್ಬಿನ ಮೇಲೆ ಹತ್ತಿಯ ಎಳೆ ಹೊತ್ತೇ ಬರುತ್ತಿದ್ದ.
ಒಂದು ಭಾನುವಾರ ಕುಂಚ ಹಿಡಿದಂತೆಯೇ ನಿದ್ದೆ ಹೋದ.
ಯಾರೂ ಎಬ್ಬಿಸಲಿಲ್ಲ. ಬರೆದೆವು.
ಆರು ಹಾಳೆಯಲ್ಲಿ ಆರು ಬೇರೆ ಬೇರೆ ಪರಸಪ್ಪಂದಿರು,
ನಿದ್ದೆ ಮಾತ್ರ ಒಂದೇ.

ಗೌಸ್‌ಪೀರ್ ಕೆಳಗೇ ನಿಂತಿರುತ್ತಿದ್ದ, ಸೈಕಲ್ಲು ಹಿಡಿದು.
ಟಾಕೀಸಿಗೆ ಬ್ಯಾನರು ಬರೆಯುವವನು:
ನಲವತ್ತು ಅಡಿ ಬಟ್ಟೆಯ ಮೇಲೆ ನಾಯಕಿಯ ಕಣ್ಣು,
ಒಂದೊಂದೂ ಕೇರುವ ಮೊರದಷ್ಟು.
ಅವನ ಅರ್ಜಿ ಬಂದಾಗ ನಡಾವಳಿ ಪುಸ್ತಕದಲ್ಲಿ ಬರೆದದ್ದು:
‘ಬ್ಯಾನರು ಬರೆಯುವುದು ಕಸುಬು, ಕಲೆಯಲ್ಲ. ತಿರಸ್ಕರಿಸಿದೆ.’
ಸೂಚಿಸಿದವರು ಯಾರೋ, ಅನುಮೋದಿಸಿದವರು ಯಾರೋ.
ಕಾರ್ಯದರ್ಶಿಗೆ ಅವತ್ತು ಜ್ವರ.
ಅಕ್ಷರ ನನ್ನದು. ದುಂಡಗಿದೆ.

ಮಿಲ್ಲಿಗೆ ಬೀಗ ಬಿತ್ತು. ಸೈರನ್ನು ನಿಂತ ಮೇಲೆ
ಊರಿನ ಗಡಿಯಾರಗಳೆಲ್ಲ ಒಂದೊಂದು ಹೊತ್ತು ಹೇಳತೊಡಗಿದವು.
ಹದಿನಾಲ್ಕು ವರ್ಷ ಅರ್ಜಿ ಹಾಕಿದೆವು:
ನೂಲಿನ ಗೋದಾಮು ಖಾಲಿಯಿದೆ, ನಮ್ಮ ಚಿತ್ರಕ್ಕೆ ಗೆದ್ದಲು ಹತ್ತಿದೆ.
ಕಡೆಗೊಮ್ಮೆ ಕಮಿಷನರೇ ಬಂದರು ನೋಡಲು,
ಎಂಟನೆಯ ಮೆಟ್ಟಿಲಿಗೆ ಕಾಲಿಟ್ಟರು,
ಮಂಡಿ ಕೆತ್ತಿತು, ಹೊಸ ಪ್ಯಾಂಟು ಹರಿಯಿತು.
‘ಇದೇನ್ರೀ, ಚಿತ್ರ ನೋಡಾಕ ಬಂದ್ರ ಕಾಲು ಮುರೀಬೇಕಾ?’
ನಗರ ಕಲಾ ಸಂಗ್ರಹಾಲಯ ಶುರುವಾದದ್ದು ಅಲ್ಲಿಂದ.
ಉದ್ಘಾಟನೆಯ ಕಲ್ಲಿನಲ್ಲಿ ಬೇರೆ ಬರೆದಿದೆ.

ಈಗ ನೂಲಿನ ವಾಸನೆಯಿಲ್ಲ.
ತಣ್ಣನೆಯ ಗಾಳಿ, ಗೋಡೆಗೆ ಹಾಲಿನ ಬಿಳುಪು,
ಮುಟ್ಟಬೇಡಿ ಎನ್ನುವ ಹುಡುಗ ಪರಸಪ್ಪನ ಮೊಮ್ಮಗ.
ಅವನ ಬೆನ್ನ ಹಿಂದೆ ಆರು ಚೌಕಟ್ಟಿನಲ್ಲಿ ಅಜ್ಜ ಮಲಗಿದ್ದಾನೆ.
ನಮ್ಮ ಬಿಸ್ಕತ್ತು ಡಬ್ಬಿಗೂ ಒಂದು ನಂಬರು.
ನಡಾವಳಿ ಪುಸ್ತಕ ಗಾಜಿನೊಳಗೆ, ಮೊದಲ ಪುಟಕ್ಕೆ ತೆರೆದುಕೊಂಡು;
ಗಾಜು ತೆರೆದು ಯಾರೂ ಹಾಳೆ ತಿರುವುವುದಿಲ್ಲ.
ನಾನು ತಿರುವುತ್ತೇನೆ, ದಿನಾ, ಮನೆಯಲ್ಲಿ ಮಲಗಿದಾಗ.

ಕಡೆಯ ಕೋಣೆಯಲ್ಲಿ ಸಂಗ್ರಹಪಾಲಕಿ, ಹರಿಹರದ ಹುಡುಗಿ ಸುನೀತಿ,
ನೆಲದ ಮೇಲೆ ಉದ್ದಕ್ಕೆ ಬಟ್ಟೆ ಹಾಸಿ ಕೂತಿದ್ದಳು.
ಮಂಡಕ್ಕಿ ಭಟ್ಟಿಯ ಮೇಲೆ ಮರೆಗೆ ಕಟ್ಟಿದ್ದರಂತೆ, ಇಪ್ಪತ್ತೆರಡು ವರ್ಷ.
ಮಸಿ, ಮಸಿ, ಉಪ್ಪಿನ ಕಲೆ,
ನಡುವೆ, ಮೊರದಷ್ಟು, ಒಂದು ಕಣ್ಣು.
‘ಅಜ್ಜಾ, ಹೊಗೆ ತೊಳೀಲಾ, ಬಿಡಲಾ?’
‘ಬಿಡವ್ವಾ. ಅವನು ಬರೆದದ್ದು ಅರ್ಧ,
ಇನ್ನರ್ಧ ಊರು ಬರೆದದ್ದು.’

ಅವಳು ಚೀಟಿ ತುಂಬಿದಳು:
ಬಟ್ಟೆ, ಬಣ್ಣ, ಹೊಗೆ. ಕಲಾವಿದ ಗೌಸ್‌ಪೀರ್.
ಕೆಳಗೊಂದು ಕಲಂ ಇತ್ತು. ಪೆನ್ನು ನಿಂತಿತು.
‘ಇವರು ನಿಮ್ಮ ಮಂಡಳಿ ಸದಸ್ಯರಾ?’

ಸುಶೀಲಾಬಾಯಿ ಇಲ್ಲ, ಮೇಷ್ಟ್ರಿಲ್ಲ.
ಸೂಚಿಸಲು ಯಾರಿಲ್ಲ, ಅನುಮೋದಿಸಲು ಯಾರಿಲ್ಲ.
ಸಭೆಗೆ ನಾನೊಬ್ಬ, ಮತ್ತೆ ಆ ಕಣ್ಣು.

‘ಬರಿ’ ಅಂದೆ. ‘ಎಂಟನೆಯವನು.’